ತಡವರಿಸುವ ಹೆಜ್ಜೆ: ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ನಡಿಗೆಯ ಚಿಕಿತ್ಸೆ

ಕಾಲುಗಳು ಹೇಳಿದಂತೆ ಕೇಳುವವರೆಗೆ ನಡಿಗೆಯ ಬೆಲೆಯನ್ನು ನಾವಾರೂ ಎಣಿಸುವುದಿಲ್ಲ. ಮನೆಯ ಹೊಸ್ತಿಲು ದಾಟುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಹೊಲದ ಬದುವಿನ ಮೇಲೆ ಸಾಗುವುದು, ಜಾತ್ರೆಯ ಜನಸಂದಣಿಯಲ್ಲಿ ಮಗುವಿನ ಕೈಹಿಡಿದು ನಡೆಯುವುದು, ಇವೆಲ್ಲ ಯೋಚನೆಯಿಲ್ಲದೆ ನಡೆದುಹೋಗುವ ಕಾರ್ಯಗಳು. ಆದರೆ ಇಪ್ಪತ್ತೈದು ಮೂವತ್ತರ ಹರೆಯದಲ್ಲಿಯೇ ಕೆಲವರಿಗೆ ಈ ಸಹಜ ಶಕ್ತಿ ಕೈಕೊಡತೊಡಗುತ್ತದೆ. ಮೊದಲು ಒಂದು ಕಣ್ಣು ಮಸುಕಾಗುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಒಂದೆರಡು ವರ್ಷಗಳ ಬಳಿಕ ಕಾಲು ಜೋಮು ಹಿಡಿದಂತಾಗಿ, ಚಪ್ಪಲಿ ಪಾದದಿಂದ ಜಾರಿಹೋದರೂ ಗೊತ್ತಾಗುವುದಿಲ್ಲ. ಅದೂ ಕ್ರಮೇಣ ಇಳಿಯುತ್ತದೆ. ಮತ್ತೊಮ್ಮೆ ಬಂದಾಗ ಮಾತ್ರ ಪೂರ್ತಿ ಇಳಿಯುವುದಿಲ್ಲ. ಪಾದ ಎಳೆಯುತ್ತದೆ, ಮೊಣಕಾಲು ಸೆಟೆದುಕೊಳ್ಳುತ್ತದೆ, ಗೋಡೆಯ ಆಸರೆ ಬೇಕಾಗುತ್ತದೆ.

ಇಂತಹ ಲಕ್ಷಣಗಳಿಗೆ ನಮ್ಮ ಹಳ್ಳಿಗಳಲ್ಲಿ ಲಕ್ವವೆಂದೋ, ದೃಷ್ಟಿಯಾಯಿತೆಂದೋ, ದೌರ್ಬಲ್ಯವೆಂದೋ ಹೆಸರಿಡುವುದು ವಾಡಿಕೆ. ಹರಕೆ, ನಾಟಿ ಔಷಧ, ಮಾಲೀಸು, ತಾಯಿತ ಎಂದು ಕುಟುಂಬವು ಊರೂರು ಅಲೆಯುತ್ತದೆ. ಅಷ್ಟರಲ್ಲಿ ಆ ಸಲದ ತೊಂದರೆ ತಾನಾಗಿಯೇ ಇಳಿದರೆ, ಕೊನೆಯಲ್ಲಿ ಮಾಡಿದ ಉಪಚಾರಕ್ಕೆ ಕೀರ್ತಿ ಸಲ್ಲುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಈ ರೋಗದ ದೊಡ್ಡ ವಂಚನೆ ಇದೇ ಆಗಿದೆ. ಏರುವುದೂ ಇಳಿಯುವುದೂ ಅದರ ಸ್ವಭಾವವಾದುದರಿಂದ, ಯಾವ ಉಪಚಾರ ನಿಜವಾಗಿ ಫಲ ನೀಡಿತು, ಯಾವುದು ನೀಡಲಿಲ್ಲ ಎಂಬುದನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ಅಸಾಧ್ಯ. ಈ ಕಷ್ಟವನ್ನು ವೈದ್ಯಕೀಯ ಸಂಶೋಧನೆಯು ಹೇಗೆ ಎದುರಿಸಿತು, ನಡಿಗೆಯ ತೊಂದರೆಗೆ ಇಂದು ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಭಕ್ತಾದಿಗಳ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲು ಬಯಸುತ್ತೇವೆ.

ರೋಗದ ಸ್ವರೂಪ

ನಮ್ಮ ಮಿದುಳು ಹಾಗೂ ಬೆನ್ನುಹುರಿಯಲ್ಲಿರುವ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಪೊರೆಯೊಂದು ಸುತ್ತಿಕೊಂಡಿದೆ. ವಿದ್ಯುತ್ ತಂತಿಯ ಮೇಲಿನ ರಬ್ಬರಿನ ಹೊದಿಕೆಗೆ ಇದನ್ನು ಹೋಲಿಸಬಹುದು. ಈ ಪೊರೆಯಿರುವುದರಿಂದಲೇ ಮಿದುಳಿನ ಆಜ್ಞೆ ಕಾಲ್ಬೆರಳಿನವರೆಗೆ ಕ್ಷಣಾರ್ಧದಲ್ಲಿ ತಲುಪುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಈ ಪೊರೆಯ ಮೇಲೆರಗುತ್ತದೆ. ಪೊರೆ ಕಳಚಿದ ಜಾಗದಲ್ಲಿ ಉರಿಯೂತವಾಗಿ, ಕಡೆಗೆ ಗಟ್ಟಿಯಾದ ಕಲೆ ಉಳಿಯುತ್ತದೆ. ಹೀಗೆ ಅನೇಕ ಕಡೆಗಳಲ್ಲಿ ಕಲೆಗಟ್ಟುವುದರಿಂದಲೇ ರೋಗಕ್ಕೆ ಈ ಹೆಸರು ಬಂದಿದೆ. ಪ್ಯಾರಿಸ್ಸಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಜೀನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ನಿರೂಪಿಸಿದರು.

ಬಹುಪಾಲು ರೋಗಿಗಳಲ್ಲಿ ಇದು ಇಪ್ಪತ್ತರಿಂದ ನಲವತ್ತು ವರ್ಷದೊಳಗೆ ತಲೆದೋರುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಸುಮಾರು ಇಮ್ಮಡಿ. ಇದು ಅಂಟುರೋಗವಲ್ಲ. ಎಪ್‌ಸ್ಟೀನ್-ಬಾರ್ ಎಂಬ ಸಾಮಾನ್ಯ ವೈರಾಣುವಿನ ಸೋಂಕಿಗೂ ಈ ರೋಗಕ್ಕೂ ನಿಕಟ ಸಂಬಂಧವಿದೆಯೆಂಬುದನ್ನು ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವು ತೋರಿಸಿತು. ಆದರೆ ಆ ವೈರಾಣು ಬಹುತೇಕ ಎಲ್ಲರ ದೇಹವನ್ನೂ ಒಮ್ಮೆ ಹೊಕ್ಕಿರುತ್ತದೆ; ರೋಗ ಬರುವುದು ತೀರ ಕೆಲವರಿಗೆ. ಅನುವಂಶೀಯತೆ, ಧೂಮಪಾನ, ವಿಟಮಿನ್ ‘ಡಿ’ಯ ಕೊರತೆ ಮುಂತಾದವೂ ಇದರಲ್ಲಿ ಪಾಲುಗೊಳ್ಳುತ್ತವೆ. ಯುರೋಪು, ಉತ್ತರ ಅಮೆರಿಕಗಳಲ್ಲಿ ಇದು ಹೆಚ್ಚು; ನಮ್ಮಲ್ಲಿ ವಿರಳ. ಮಂಗಳೂರು ನಗರದಲ್ಲಿ ನಡೆದ ಗಣತಿಯೊಂದರಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿ ರೋಗಿಗಳು ಕಂಡುಬಂದರು. ವಿರಳವಾದುದರಿಂದಲೇ ಸಣ್ಣ ಊರುಗಳಲ್ಲಿ ರೋಗವನ್ನು ಗುರುತಿಸುವುದು ತಡವಾಗುತ್ತದೆ.

ತಾನಾಗಿ ಇಳಿಯುವ ರೋಗವನ್ನು ಅಳೆಯುವುದೆಂತು?

ಹತ್ತು ಜನ ರೋಗಿಗಳಿಗೆ ಒಂದು ಕಷಾಯವನ್ನು ಕೊಟ್ಟೆವೆಂದು ಭಾವಿಸೋಣ. ಮೂರು ತಿಂಗಳಲ್ಲಿ ಆರು ಜನ ಸುಧಾರಿಸಿದರು. ಕಷಾಯ ಫಲಿಸಿತೆ? ಏನೂ ಕೊಡದಿದ್ದರೂ ಆ ಆರು ಜನ ಸುಧಾರಿಸುತ್ತಿದ್ದರೋ ಏನೋ! ಇದರ ಜೊತೆಗೆ, ಔಷಧ ಸೇವಿಸುತ್ತಿದ್ದೇನೆಂಬ ನಂಬಿಕೆಯೇ ಮನಸ್ಸಿಗೂ ಮೈಗೂ ಒಂದಿಷ್ಟು ಹುರುಪು ತುಂಬುತ್ತದೆ. ಆದುದರಿಂದ ಸಂಶೋಧಕರು ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಕೊನೆಯಲ್ಲಿ ಎರಡು ಗುಂಪುಗಳ ನಡುವೆ ಉಳಿಯುವ ಅಂತರವೇ ಔಷಧದ ನಿಜವಾದ ಬಲ.

ಅಂತರವನ್ನು ಕಾಣಲು ಅಳತೆಗೋಲು ಬೇಕು. ಅಮೆರಿಕದ ನರವೈದ್ಯ ಜಾನ್ ಕುರ್ಟ್ಜ್‌ಕೆ 1983ರಲ್ಲಿ ಪ್ರಕಟಿಸಿದ ಮಾಪಕವು ಸೊನ್ನೆಯಿಂದ ಹತ್ತರವರೆಗೆ ಸಾಗುತ್ತದೆ. ಸೊನ್ನೆಯೆಂದರೆ ನ್ಯೂನತೆಯಿಲ್ಲ, ಆರು ಎಂದರೆ ನೂರು ಮೀಟರು ನಡೆಯಲು ಒಂದು ಕೋಲಿನ ಆಸರೆ ಬೇಕು, ಏಳು ಎಂದರೆ ಬಹುಮಟ್ಟಿಗೆ ಗಾಲಿಕುರ್ಚಿಯ ಬದುಕು. ಇದಕ್ಕಿಂತ ಸರಳವಾದುದು ಇಪ್ಪತ್ತೈದು ಅಡಿಯ ನಡಿಗೆಯ ಪರೀಕ್ಷೆ. ನೆಲದ ಮೇಲೆ 25 ಅಡಿ, ಅಂದರೆ ಸುಮಾರು ಏಳೂವರೆ ಮೀಟರು ಗುರುತು ಮಾಡಿ, ಬೀಳದಂತೆ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ನಡೆಯಲು ಹೇಳಿ, ಗಡಿಯಾರದಿಂದ ಸೆಕೆಂಡುಗಳನ್ನು ಎಣಿಸುವುದು. ಕೋಟ್ಯಂತರ ರೂಪಾಯಿಗಳ ಸಂಶೋಧನೆಯು ಕಡೆಗೆ ನಿಂತಿರುವುದು ಹೀಗೆ ಎಣಿಸಿದ ಸೆಕೆಂಡುಗಳ ಮೇಲೆ.

ನಡಿಗೆಗೆಂದೇ ಬಂದ ಮಾತ್ರೆ

1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಉಥಾಫ್ ಒಂದು ವಿಚಿತ್ರವನ್ನು ಗಮನಿಸಿದರು. ಈ ರೋಗಿಗಳಲ್ಲಿ ಕೆಲವರು ದೈಹಿಕ ಶ್ರಮಪಟ್ಟಾಗ ಅವರ ದೃಷ್ಟಿ ಮಂದವಾಗಿ, ವಿಶ್ರಮಿಸಿದೊಡನೆ ಮರಳುತ್ತಿತ್ತು. ಮೈಯ ಶಾಖ ಏರುವುದೇ ಇದಕ್ಕೆ ಕಾರಣವೆಂದು ಅನಂತರ ತಿಳಿಯಿತು. ಪೊರೆ ಕಳಚಿದ ನರದಲ್ಲಿ ವಿದ್ಯುತ್ ಸಂಕೇತವು ಮೊದಲೇ ಕುಂಟುತ್ತ ಸಾಗುತ್ತಿರುತ್ತದೆ. ತುಸು ಶಾಖ ಹೆಚ್ಚಿದರೂ ಅದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಇದರಿಂದ ಒಂದು ಆಶಾದಾಯಕ ಸತ್ಯ ಹೊರಬಂದಿತು. ಪೊರೆ ಕಳೆದುಕೊಂಡ ನರ ಸತ್ತಿರಲೇಬೇಕೆಂದಿಲ್ಲ. ಸಂಕೇತವನ್ನು ದಾಟಿಸಲು ನೆರವಾದರೆ ಅದು ಮತ್ತೆ ಕೆಲಸ ಮಾಡಬಲ್ಲದು.

ಪೊರೆ ಕಳಚಿದ ಭಾಗದಲ್ಲಿ ಅಲ್ಲಿಯವರೆಗೆ ಮರೆಯಲ್ಲಿದ್ದ ಪೊಟ್ಯಾಸಿಯಂ ದ್ವಾರಗಳು ಬಯಲಿಗೆ ಬರುತ್ತವೆ. ತೂತು ಬಿದ್ದ ಕಾಲುವೆಯಲ್ಲಿ ನೀರು ಸೋರಿ ಹೊಲದ ತುದಿಗೆ ತಲುಪದಿರುವಂತೆ, ಈ ದ್ವಾರಗಳ ಮೂಲಕ ಸಂಕೇತದ ಬಲ ಸೋರಿಹೋಗುತ್ತದೆ. 4-ಅಮೈನೊಪಿರಿಡಿನ್ ಎಂಬ ರಾಸಾಯನಿಕವು ಆ ದ್ವಾರಗಳನ್ನು ಮುಚ್ಚಬಲ್ಲದು. ಇದೇ ವಸ್ತುವನ್ನು ಹಕ್ಕಿಗಳನ್ನು ಓಡಿಸುವ ವಿಷವನ್ನಾಗಿಯೂ ಬಳಸುತ್ತಿದ್ದರು. ಪ್ರಮಾಣ ಮೀರಿದರೆ ಮೂರ್ಛೆ ತರಿಸುವ ಈ ವಸ್ತುವನ್ನು 1980ರ ದಶಕದಿಂದ ರೋಗಿಗಳಲ್ಲಿ ಎಚ್ಚರಿಕೆಯಿಂದ ಪರೀಕ್ಷಿಸುತ್ತ, ಕಡೆಗೆ ದೇಹದಲ್ಲಿ ನಿಧಾನವಾಗಿ ಕರಗುವ ಮಾತ್ರೆಯ ರೂಪಕ್ಕೆ ತರಲಾಯಿತು. ಅದರ ಹೆಸರು ಫ್ಯಾಂಪ್ರಿಡಿನ್. ಡಾಲ್‌ಫ್ಯಾಂಪ್ರಿಡಿನ್ ಎಂದೂ ಕರೆಯುತ್ತಾರೆ.

ಅಮೆರಿಕ ಮತ್ತು ಕೆನಡಾಗಳ 301 ರೋಗಿಗಳ ಮೇಲೆ ನಡೆದು 2009ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 14 ವಾರಗಳ ಕಾಲ ಈ ಮಾತ್ರೆ ಪಡೆದವರಲ್ಲಿ ಶೇ. 35ರಷ್ಟು ಜನರ ನಡಿಗೆ ಸ್ಥಿರವಾಗಿ ಚುರುಕಾಯಿತು; ಹುಸಿಮಾತ್ರೆ ಪಡೆದವರಲ್ಲಿ ಹಾಗಾದವರು ಶೇ. 8 ಮಾತ್ರ. ಗುಣ ಕಂಡವರ ವೇಗ ಸರಾಸರಿ ಕಾಲುಭಾಗದಷ್ಟು ಹೆಚ್ಚಿತ್ತು. ಮರುವರ್ಷ ಪ್ರಕಟವಾದ ಎರಡನೆಯ ಪ್ರಯೋಗವೂ ಇದನ್ನೇ ಸಮರ್ಥಿಸಿತು. 2010ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇದಕ್ಕೆ ಒಪ್ಪಿಗೆ ನೀಡಿತು. ಈ ರೋಗದಲ್ಲಿ ನಡಿಗೆಯನ್ನು ಸುಧಾರಿಸಲೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವಿದು.

ಈ ಅಂಕಿಗಳನ್ನು ಎರಡು ಬದಿಯಿಂದಲೂ ಓದಬೇಕು. ಮೂವರಲ್ಲಿ ಒಬ್ಬರಿಗೆ ಫಲ ಸಿಕ್ಕಿತು, ಉಳಿದಿಬ್ಬರಿಗೆ ಸಿಗಲಿಲ್ಲ. ಈ ಮಾತ್ರೆಯು ಪೊರೆಯನ್ನು ಮರಳಿ ಕಟ್ಟುವುದಿಲ್ಲ, ರೋಗವನ್ನೂ ತಡೆಯುವುದಿಲ್ಲ. ಸೇವಿಸುವಷ್ಟು ಕಾಲ ಸಂಕೇತಕ್ಕೆ ನೆರವಾಗುತ್ತದೆ, ನಿಲ್ಲಿಸಿದರೆ ನೆರವೂ ನಿಲ್ಲುತ್ತದೆ. ಆದುದರಿಂದ ಕೆಲವು ವಾರ ಕೊಟ್ಟು, ಮೊದಲು ಮತ್ತು ಅನಂತರದ ನಡಿಗೆಯನ್ನು ಅಳೆದು, ಅಂತರವಿಲ್ಲದಿದ್ದರೆ ನಿಲ್ಲಿಸುವುದೇ ಸರಿಯಾದ ಕ್ರಮ. 10 ಮಿಲಿಗ್ರಾಮಿನ ಮಾತ್ರೆಯನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ದಿನಕ್ಕೆ ಎರಡು ಸಲ ಸೇವಿಸಬೇಕು. ಪುಡಿ ಮಾಡಬಾರದು, ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಹಿಂದೆಂದಾದರೂ ಮೂರ್ಛೆ ಬಂದವರಿಗೂ, ಮೂತ್ರಪಿಂಡಗಳು ದುರ್ಬಲವಾದವರಿಗೂ ಇದು ಸಲ್ಲದು. ವೈದ್ಯರ ಚೀಟಿಯಿಲ್ಲದೆ ಇದನ್ನು ಮುಟ್ಟಕೂಡದು.

ಮುಂದಿನ ಹೆಜ್ಜೆಗಳನ್ನು ಕಾಯುವ ಔಷಧಗಳು

ಇಂದಿನ ನಡಿಗೆಗೆ ಆಸರೆಯಾಗುವುದು ಒಂದು ಕೆಲಸ. ನಾಳಿನ ನಡಿಗೆಯನ್ನು ಉಳಿಸುವುದು ಇನ್ನೊಂದು. ಎರಡನೆಯದು ಹಿರಿದಾದುದು. ರೋಗದ ಹೊಡೆತಗಳನ್ನು ಕಡಿಮೆ ಮಾಡುವ ಮೊದಲ ಔಷಧವಾದ ಇಂಟರ್‌ಫೆರಾನ್ ಬೀಟಾಕ್ಕೆ ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ದೊರೆಯಿತು. ಅಂದಿನಿಂದ ಇಂದಿನವರೆಗೆ ಮಾತ್ರೆ, ಚುಚ್ಚುಮದ್ದು, ಡ್ರಿಪ್ ರೂಪದ ಹತ್ತಾರು ಔಷಧಗಳು ಬಂದಿವೆ. ಇವುಗಳಲ್ಲಿ ಬಹುತೇಕವು ಏರಿಳಿಯುವ ಬಗೆಯ ರೋಗಕ್ಕೆ ಸಂಬಂಧಿಸಿದವು.

ಆರಂಭದಿಂದಲೂ ಇಳಿಯದೆ ಏರುತ್ತಲೇ ಹೋಗುವ ಬಗೆಗೆ ಬಹುಕಾಲ ಏನೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ನೀಡುವ ಓಕ್ರೆಲಿಜುಮ್ಯಾಬ್ ಎಂಬ ಔಷಧವನ್ನು ಇಂತಹ 732 ರೋಗಿಗಳಲ್ಲಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. 120 ವಾರಗಳ ಬಳಿಕ, 25 ಅಡಿ ನಡೆಯಲು ತಗಲುವ ಸಮಯವು ಹುಸಿ ಔಷಧ ಪಡೆದವರಲ್ಲಿ ಸರಾಸರಿ ಶೇ. 55ರಷ್ಟು ಹೆಚ್ಚಿದ್ದರೆ, ಔಷಧ ಪಡೆದವರಲ್ಲಿ ಶೇ. 39ರಷ್ಟು ಹೆಚ್ಚಿತ್ತು. ಎರಡೂ ಗುಂಪಿನವರ ನಡಿಗೆ ಕುಂದಿತೆಂಬುದನ್ನು ನಾವು ಮರೆಮಾಚಬಾರದು. ಒಂದರಲ್ಲಿ ನಿಧಾನವಾಗಿ ಕುಂದಿತು ಎಂಬುದಷ್ಟೇ ಗೆಲುವು. ಆದರೆ ಊರುಗೋಲು ಹಿಡಿಯುವ ದಿನವನ್ನು ಮುಂದೂಡುವುದು ರೋಗಿಗೂ ಮನೆಯವರಿಗೂ ಸಣ್ಣ ಗೆಲುವಲ್ಲ.

ಇಂತಹ ಔಷಧಗಳ ಫಲ ಮೈಗೆ ಅರಿವಾಗುವುದಿಲ್ಲ. ಬಾರದೆ ಹೋದ ಹೊಡೆತವನ್ನು ಯಾರು ಕಂಡಾರು? ಆದುದರಿಂದಲೇ ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಕೆಲವರು ಔಷಧವನ್ನು ತಾವೇ ನಿಲ್ಲಿಸುತ್ತಾರೆ. ಇದು ಅಪಾಯಕಾರಿ. ಹಾಗೆಯೇ ಈ ಔಷಧಗಳು ಸೋಂಕನ್ನು ಎದುರಿಸುವ ಶಕ್ತಿಯನ್ನು ತಗ್ಗಿಸುವುದರಿಂದ, ಜ್ವರ, ಕೆಮ್ಮು ಬಂದರೂ ವೈದ್ಯರಿಗೆ ತಿಳಿಸಬೇಕು. ರೋಗನಿರ್ಣಯ ಸರಿಯಾಗಿರುವುದೂ ಅಷ್ಟೇ ಮುಖ್ಯ. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ರೋಗವು ಇದರಂತೆಯೇ ಕಣ್ಣನ್ನೂ ಬೆನ್ನುಹುರಿಯನ್ನೂ ಬಾಧಿಸುತ್ತದೆ. ಇಂಟರ್‌ಫೆರಾನ್‌ನಂತಹ ಕೆಲವು ಔಷಧಗಳು ಅದನ್ನು ಉಲ್ಬಣಿಸಬಲ್ಲವು. ಎಂ.ಆರ್.ಐ. ಹಾಗೂ ರಕ್ತಪರೀಕ್ಷೆಗಳಿಂದ ಎರಡನ್ನೂ ಬೇರ್ಪಡಿಸಿ ನೋಡುವುದು ನರರೋಗ ತಜ್ಞರ ಕೆಲಸ.

ವ್ಯಾಯಾಮ ಮತ್ತು ಯೋಗ

ಮೈ ಬಿಸಿಯಾದರೆ ತೊಂದರೆ ಹೆಚ್ಚುವುದೆಂಬ ಭಯದಿಂದ ಈ ರೋಗಿಗಳಿಗೆ ವ್ಯಾಯಾಮವೇ ಬೇಡವೆಂದು ಬಹುಕಾಲ ಹೇಳಲಾಗುತ್ತಿತ್ತು. 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. 54 ರೋಗಿಗಳಲ್ಲಿ ಒಂದು ಗುಂಪಿನವರು ಹದಿನೈದು ವಾರಗಳ ಕಾಲ, ವಾರಕ್ಕೆ ಮೂರು ಸಲ, ಕೈಕಾಲುಗಳೆರಡಕ್ಕೂ ಕೆಲಸ ಕೊಡುವ ಸೈಕಲ್ ಯಂತ್ರದ ಮೇಲೆ ಶ್ರಮಿಸಿದರು. ಅವರ ದಮ್ಮು ಹೆಚ್ಚಿತು, ಸ್ನಾಯುಬಲ ಹೆಚ್ಚಿತು, ಮನಸ್ಸು ಹಗುರವಾಯಿತು; ರೋಗ ಉಲ್ಬಣಿಸಲಿಲ್ಲ. ಶಾಖದಿಂದ ಆಗುವ ತೊಡಕು ತಾತ್ಕಾಲಿಕವೆಂದೂ, ಸುಮ್ಮನೆ ಕುಳಿತು ಸ್ನಾಯುಗಳನ್ನು ಸೊರಗಿಸುವುದೇ ಹೆಚ್ಚಿನ ನಷ್ಟವೆಂದೂ ಇಂದು ವೈದ್ಯರು ಒಪ್ಪುತ್ತಾರೆ.

ಯೋಗದ ವಿಷಯದಲ್ಲಿಯೂ ಅಳತೆ ನಡೆದಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ರೂಪಿಸಿದ, ಕುರ್ಚಿ, ಹಗ್ಗ, ಗೋಡೆಗಳ ಆಸರೆಯಿಂದ ಆಸನ ಮಾಡಿಸುವ ಪದ್ಧತಿಯನ್ನು ಅಮೆರಿಕದ ಓರೆಗಾನ್ ರಾಜ್ಯದ ಸಂಶೋಧಕರು 69 ರೋಗಿಗಳಿರುವ ಅಧ್ಯಯನದಲ್ಲಿ ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ಆರು ತಿಂಗಳ ಬಳಿಕ, ಏನೂ ಮಾಡದೆ ಕಾದಿದ್ದವರಿಗಿಂತ ಯೋಗ ಮಾಡಿದವರ ಬಳಲಿಕೆ ಕಡಿಮೆಯಾಗಿತ್ತು. ಸೈಕಲ್ ಯಂತ್ರ ತುಳಿದವರಿಗೂ ಅಷ್ಟೇ ಫಲ ಸಿಕ್ಕಿತ್ತು. ಯೋಗವು ರೋಗವನ್ನು ಅಳಿಸಿತೆಂದು ಆ ಅಧ್ಯಯನ ಹೇಳಲಿಲ್ಲ, ನಾವೂ ಹೇಳಬಾರದು. ಬಳಲಿಕೆಯನ್ನು ಇಳಿಸುವ ನಮ್ರವಾದ ನೆರವಾಗಿ ಅದು ನಿಜವಾದುದು. ಕಾಲಿನ ಬಿಗಿತಕ್ಕೆ ಬ್ಯಾಕ್ಲೊಫೆನ್‌ನಂತಹ ಮಾತ್ರೆ, ಎಳೆಯುವ ಪಾದಕ್ಕೆ ಆಸರೆಪಟ್ಟಿ ಅಥವಾ ನರವನ್ನು ಪ್ರಚೋದಿಸುವ ಸಣ್ಣ ವಿದ್ಯುತ್ ಸಾಧನ, ಫಿಸಿಯೋಥೆರಪಿಸ್ಟರು ಕಲಿಸುವ ಸಮತೋಲನದ ಅಭ್ಯಾಸ, ಇವೂ ಹೆಜ್ಜೆಗೆ ಬಲ ಕೊಡುತ್ತವೆ.

ಹುಸಿಯಾದ ಒಂದು ಭರವಸೆಯ ಪಾಠ

2009ರಲ್ಲಿ ಇಟಲಿಯ ಫೆರಾರಾ ನಗರದ ರಕ್ತನಾಳ ತಜ್ಞ ಪಾವ್ಲೊ ಜಾಂಬೋನಿ, ಕುತ್ತಿಗೆಯ ರಕ್ತನಾಳಗಳು ಕಿರಿದಾಗಿರುವುದೇ ಈ ರೋಗಕ್ಕೆ ಮೂಲವೆಂದೂ, ಬಲೂನಿನಿಂದ ಅವನ್ನು ಹಿಗ್ಗಿಸಿದರೆ ಗುಣ ಕಾಣುವುದೆಂದೂ ಸೂಚಿಸಿದರು. ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಚಿಕಿತ್ಸೆಯ ಮರುದಿನವೇ ನಡೆದಾಡಿದೆವೆಂದು ಹಲವರು ಸಂತೋಷದಿಂದ ಹೇಳಿಕೊಂಡರು. ಕೆನಡಾದಿಂದ ಸಾವಿರಾರು ರೋಗಿಗಳು ಸಾಲ ಮಾಡಿ ಹೊರದೇಶಗಳಿಗೆ ಹಾರಿದರು. ಅಂಥವರನ್ನು ಬರಮಾಡಿಕೊಂಡ ದೇಶಗಳಲ್ಲಿ ಭಾರತವೂ ಒಂದು. ಕೆಲವರು ಅಪಾಯಕ್ಕೂ ಒಳಗಾದರು.

ಬಳಿಕ ಕೆನಡಾದಲ್ಲಿ 104 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾಗಿ ನಾಳ ಹಿಗ್ಗಿಸಿ, ಇನ್ನೊಂದಕ್ಕೆ ಹಿಗ್ಗಿಸಿದಂತೆ ನಟಿಸಿ ನೋಡಲಾಯಿತು. 2017ರಲ್ಲಿ ಹೊರಬಂದ ಫಲಿತಾಂಶದಲ್ಲಿ ಎರಡಕ್ಕೂ ಅಂತರವೇ ಇರಲಿಲ್ಲ. ಅದೇ ವರ್ಷ ಸ್ವತಃ ಜಾಂಬೋನಿ ಅವರೇ ಮುಂದೆ ನಿಂತು ನಡೆಸಿದ ಪ್ರಯೋಗವೂ ಅದನ್ನೇ ಹೇಳಿತು. ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದು ಅವರು ಬರೆದರು. ತಮ್ಮ ಕಲ್ಪನೆಯನ್ನು ತಾವೇ ಒರೆಗೆ ಹಚ್ಚಿ, ಸೋಲನ್ನು ಮುಚ್ಚಿಡದೆ ಪ್ರಕಟಿಸಿದ ಆ ಪ್ರಾಮಾಣಿಕತೆಯನ್ನು ಗೌರವಿಸಬೇಕು. ನಡೆದಾಡಿದೆವೆಂದ ರೋಗಿಗಳೂ ಸುಳ್ಳು ಹೇಳಿರಲಿಲ್ಲ. ಅವರ ಅನುಭವ ನಿಜ. ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ತಪ್ಪಾಗಿತ್ತು. ನಮ್ಮೂರಿನ ತಾಯಿತಕ್ಕೂ ಹೊರದೇಶದ ಬಲೂನಿಗೂ ಈ ವಿಷಯದಲ್ಲಿ ಭೇದವಿಲ್ಲ.

ಭಕ್ತಾದಿಗಳು ಗಮನಿಸಬೇಕಾದುದು

ಒಂದು ಕಣ್ಣಿನ ದೃಷ್ಟಿ ನೋವಿನೊಡನೆ ಮಸುಕಾದರೆ, ಕೈಕಾಲು ಜೋಮು ಅಥವಾ ಬಲಹೀನತೆ ಒಂದು ದಿನಕ್ಕೂ ಮೀರಿ ಉಳಿದರೆ, ನಡಿಗೆ ವಾಲಿದರೆ, ಮೂತ್ರ ತಡೆಯಲಾಗದಿದ್ದರೆ, ತಾನಾಗಿ ಇಳಿದರೂ ಅದನ್ನು ಮರೆಯದೆ ವೈದ್ಯರಿಗೆ ಹೇಳಿರಿ. ಮುಖ ಅಥವಾ ಒಂದು ಪಕ್ಕದ ಕೈಕಾಲಿನ ಬಲ ಹಠಾತ್ತನೆ ಕುಸಿದರೆ ಅದು ಪಾರ್ಶ್ವವಾಯುವಿರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ, ಅನೇಕ ವೈದ್ಯಕೀಯ ಕಾಲೇಜುಗಳ ನರರೋಗ ವಿಭಾಗಗಳಲ್ಲಿಯೂ ತಪಾಸಣೆಗೆ ಅವಕಾಶವಿದೆ.

ರೋಗಿಗಳು ಬೇಸಿಗೆಯ ನಡುಹಗಲಿನ ಬಿಸಿಲನ್ನು, ತೀರ ಬಿಸಿನೀರಿನ ಸ್ನಾನವನ್ನು ತಪ್ಪಿಸುವುದು ಲೇಸು. ಜ್ವರ ಬಂದಾಗ ಕಾಲಿನ ಶಕ್ತಿ ಕುಂದಿದರೆ ಹೊಸ ಹೊಡೆತವೆಂದು ಹೆದರುವ ಮೊದಲು ಜ್ವರಕ್ಕೆ ಚಿಕಿತ್ಸೆ ಪಡೆಯಬೇಕು. ದೇವಸ್ಥಾನ, ಮಠಗಳಿಗೆ ಬರುವಾಗ ಸರತಿಯಲ್ಲಿ ನಿಲ್ಲಲಾಗದಿದ್ದರೆ ಸಂಕೋಚವಿಲ್ಲದೆ ಹೇಳಿರಿ. ನೋಡಲು ಗಟ್ಟಿಮುಟ್ಟಾಗಿರುವ ಯುವತಿಯೊಬ್ಬಳು ಕುಳಿತಲ್ಲಿಂದ ಏಳದಿದ್ದರೆ ಸೋಮಾರಿಯೆಂದು ಹಳಿಯುವ ಮುನ್ನ ಉಳಿದವರು ಒಂದು ಗಳಿಗೆ ಯೋಚಿಸಬೇಕು. ಈ ರೋಗದ ಬಳಲಿಕೆ ಕಣ್ಣಿಗೆ ಕಾಣುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿರುವ 21 ಬಗೆಯ ನ್ಯೂನತೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆಯೆಂಬುದು ಅನೇಕರಿಗೆ ತಿಳಿಯದು. ಅರ್ಹರು ಪ್ರಮಾಣಪತ್ರ ಪಡೆದುಕೊಳ್ಳಬಹುದು. 1985ರಲ್ಲಿ ಸ್ಥಾಪಿತವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿಯೂ ಇದ್ದು, ರೋಗಿಗಳೂ ಮನೆಯವರೂ ಅಲ್ಲಿ ಸಲಹೆ ಪಡೆಯಬಹುದು.

‘ಹೊಸ ಸಂಶೋಧನೆ, ಖಚಿತ ಗುಣ’ ಎಂದು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಮೂರು ಪ್ರಶ್ನೆಗಳನ್ನು ಕೇಳಿರಿ. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿಯಲ್ಲಿ ಇದು ದಾಖಲಾಗಿದೆಯೆ? ಪ್ರಯೋಗದ ಔಷಧಕ್ಕೆ ಹಣ ಏಕೆ? ಒಳಿತು ಕೆಡಕುಗಳನ್ನು ವಿವರಿಸುವ ಸಮ್ಮತಿ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿದೆಯೆ? ಉತ್ತರ ಸಿಗದಿದ್ದರೆ ಅಲ್ಲಿಂದ ಹಿಂದಿರುಗುವುದು ಕ್ಷೇಮ.

ಪ್ರಾರ್ಥನೆ ಮನಸ್ಸಿಗೆ ಧೈರ್ಯ ಕೊಡುತ್ತದೆ. ಆ ಧೈರ್ಯದಿಂದಲೇ ಆಸ್ಪತ್ರೆಯ ಬಾಗಿಲು ತಟ್ಟಬೇಕು. ಈ ರೋಗವನ್ನು ಬುಡಸಮೇತ ಕೀಳುವ ಔಷಧ ಇನ್ನೂ ಬಂದಿಲ್ಲ. ಆದರೆ ಬೇಗ ಗುರುತಿಸಿ, ಪರೀಕ್ಷೆಗೆ ನಿಂತ ಔಷಧವನ್ನು ಬಿಡದೆ ಸೇವಿಸಿ, ಮೈಯನ್ನು ಹಿತಮಿತವಾಗಿ ದುಡಿಸಿದರೆ, ಬಹಳಷ್ಟು ಜನ ತಮ್ಮ ಕಾಯಕವನ್ನು ಹಲವು ವರ್ಷಗಳ ಕಾಲ ತಮ್ಮ ಕಾಲ ಮೇಲೆ ನಿಂತು ಮಾಡಬಲ್ಲರು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇಂತಹ ಹೆಜ್ಜೆಯೊಂದು ತಡವರಿಸುತ್ತಿದ್ದರೆ, ಇಂದೇ ಅವರನ್ನು ನರರೋಗ ತಜ್ಞರ ಬಳಿಗೆ ಕರೆದೊಯ್ಯಿರೆಂದು ಕೋರುತ್ತೇವೆ.